ಮೂರರಲ್ಲಿ ಎರಡು: ಉಸಿರಿನ ವಂಶವಾಹಿ ಕಾಯಿಲೆಗಳಲ್ಲಿ ವಾಹಕರ ಲೆಕ್ಕ ಹಾಕುವ ಬಗೆ

ಆ ತಾಯಿ ಮೇಜಿನ ಮೇಲಿಟ್ಟ ಪ್ಲಾಸ್ಟಿಕ್ ಫೈಲಿನಲ್ಲಿ ಐದು ರಿಪೋರ್ಟ್‌ಗಳಿದ್ದವು. ತನ್ನದು, ಗಂಡನದು, ದೊಡ್ಡ ಮಗಳದು, ತಮ್ಮನದು, ತವರಿನ ಅಜ್ಜಿಯದು. ಐದರಲ್ಲೂ ಒಂದೇ ಪದ: ನೆಗೆಟಿವ್. ಮಗಳನ್ನು ತನ್ನ ತಮ್ಮನಿಗೇ ಕೊಡುವ ಮಾತುಕತೆ ಮುಗಿದಿತ್ತು. ಮಗಳ ಬೆನ್ನಿಗೆ ಹುಟ್ಟಿದ ಹದಿನಾಲ್ಕು ವರ್ಷದ ಹುಡುಗನಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ವಂಶವಾಹಿ ಕಾಯಿಲೆ ಇದೆ ಎಂಬ ಕಾರಣಕ್ಕೆ ಯಾರೋ ಇವರನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರು. "ಎಲ್ಲರದ್ದೂ ನೆಗೆಟಿವ್ ಬಂದಿದೆ ಮೇಡಂ, ಇನ್ನು ಲಗ್ನಪತ್ರಿಕೆ ಮಾಡಿಸಬಹುದಲ್ಲವೇ?" ಎಂದು ಆಕೆ ಕೇಳಿದರು.

ಫೈಲಿನಲ್ಲಿ ಇಲ್ಲದಿದ್ದದ್ದು ಆರನೆಯ ರಿಪೋರ್ಟ್. ಹುಡುಗನ ಜೀನ್ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ. "ಅವನಿಗೆ ಕಾಯಿಲೆ ಇರುವುದು ಗೊತ್ತೇ ಇದೆಯಲ್ಲ, ಮತ್ತೆ ಯಾಕೆ ದುಡ್ಡು ದಂಡ" ಎಂದುಕೊಂಡಿದ್ದರು.

ಕುಟುಂಬಗಳ ಜೊತೆ ಕುಳಿತು ವಂಶವೃಕ್ಷ ಬರೆಯುವುದು ನನ್ನ ಕೆಲಸ. ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ವಾಹಕರ, ಅಂದರೆ ಕಾಯಿಲೆಯಿಲ್ಲದೆ ದೋಷವನ್ನು ಮಾತ್ರ ಹೊತ್ತವರ, ಲೆಕ್ಕ ಕಷ್ಟದ್ದಲ್ಲ, ಕಾಲು ಮಗ್ಗಿ, ಅರೆ ಮಗ್ಗಿ ಬಾಯಿಪಾಠ ಮಾಡಿದ ಅಜ್ಜಂದಿರು ಬೆರಳಲ್ಲೇ ಎಣಿಸಿ ಮುಗಿಸಬಲ್ಲರು. ಎಡವುವುದು ಕ್ರಮದಲ್ಲಿ: ಮೊದಲು ಮಾಡಬೇಕಾದುದನ್ನು ಕೊನೆಗೆ ಮಾಡುವುದರಲ್ಲಿ. ಆದ್ದರಿಂದ ಇಲ್ಲಿ ಹಂತಗಳನ್ನು ಬರೆದ ಸಾಲಿನಲ್ಲೇ ಅನುಸರಿಸಿ, ಹಿಂದುಮುಂದು ಮಾಡಬೇಡಿ.

ಮೊದಲು ಕಾಯಿಲೆಗೆ ಸರಿಯಾದ ಹೆಸರು

"ನಮ್ಮ ಮನೆತನದಲ್ಲಿ ದಮ್ಮು ಇದೆ" ಎಂಬ ಮಾತಿನಿಂದ ಯಾವ ಲೆಕ್ಕವೂ ಹುಟ್ಟುವುದಿಲ್ಲ. ಆಸ್ತಮಾ ಕುಟುಂಬಗಳಲ್ಲಿ ಓಡುತ್ತದೆ ನಿಜ, ಆದರೆ ಅದಕ್ಕೆ ಹಲವಾರು ಜೀನ್‌ಗಳು, ಧೂಳು, ಹೊಗೆ, ಹವೆ ಎಲ್ಲವೂ ಸೇರುತ್ತವೆ. ಅಲ್ಲಿ "ವಾಹಕ" ಎಂಬ ಮಾತಿಗೆ ಅರ್ಥವಿಲ್ಲ. ಇಲ್ಲಿ ಹೇಳುತ್ತಿರುವುದು ಒಂದೇ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಬರುವ ಕಾಯಿಲೆಗಳ ಬಗ್ಗೆ. ಡಾಕ್ಟರರು ಇದನ್ನು ಆಟೋಸೋಮಲ್ ರಿಸೆಸಿವ್ ಎನ್ನುತ್ತಾರೆ, ಶಾಲೆಯಲ್ಲಿ ಇದನ್ನೇ ದುರ್ಬಲ ಗುಣ ಎಂದು ಓದಿರುತ್ತೇವೆ. ಆ ಹೆಸರು ದಾರಿ ತಪ್ಪಿಸುತ್ತದೆ. ಕಾಯಿಲೆ ದುರ್ಬಲವಲ್ಲ, ಒಂದು ಒಳ್ಳೆಯ ಪ್ರತಿ ಪಕ್ಕದಲ್ಲಿದ್ದರೆ ಕೆಟ್ಟ ಪ್ರತಿ ತಲೆ ಎತ್ತುವುದಿಲ್ಲ, ಅಷ್ಟೆ. ಹಾಗೆ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಇಟ್ಟುಕೊಂಡು ಆರೋಗ್ಯವಾಗಿ ಓಡಾಡಿಕೊಂಡಿರುವವರೇ ವಾಹಕರು.

ಈ ಗುಂಪಿನಲ್ಲಿ ಹೆಚ್ಚು ಗೊತ್ತಿರುವುದು ಸಿಸ್ಟಿಕ್ ಫೈಬ್ರೋಸಿಸ್. ಏಳನೆಯ ಕ್ರೋಮೋಸೋಮಿನಲ್ಲಿರುವ ಸಿಎಫ್‌ಟಿಆರ್ ಎಂಬ ಜೀನ್ ಕೆಟ್ಟರೆ ಜೀವಕೋಶದ ಪೊರೆಯಲ್ಲಿ ಕ್ಲೋರೈಡ್ ಹಾದುಹೋಗುವ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಶ್ವಾಸಕೋಶದ ಕಫ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ, ಮೇದೋಜೀರಕ ಗ್ರಂಥಿಯ ನಾಳಗಳು ಮುಚ್ಚುತ್ತವೆ, ಬೆವರಿನಲ್ಲಿ ಉಪ್ಪು ಹೆಚ್ಚಾಗುತ್ತದೆ. ಈ ಉಪ್ಪಿನ ಸುಳಿವು ಸಿಕ್ಕಿದ ಕಥೆ ಸೊಗಸಾಗಿದೆ. 1948ರಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿದಾಗ ಈ ಕಾಯಿಲೆಯ ಮಕ್ಕಳು ಇತರರಿಗಿಂತ ಬೇಗ ಕುಸಿದು ಆಸ್ಪತ್ರೆ ಸೇರಿದರು. ಅದೇ ಜಾಡು ಹಿಡಿದು 1953ರಲ್ಲಿ ಅವರ ಬೆವರಿನಲ್ಲಿ ಉಪ್ಪು ಹೆಚ್ಚು ಎಂಬುದನ್ನು ತೋರಿಸಲಾಯಿತು. ಇಂದಿಗೂ ರೋಗ ಗುರುತಿಸುವ ಮುಖ್ಯ ಪರೀಕ್ಷೆ ಬೆವರಿನದೇ. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆ ಎಂದು, 30ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ಅಲ್ಲ ಎಂದು, ನಡುವೆ ಇದ್ದರೆ ಇನ್ನೂ ನೋಡಬೇಕು ಎಂದು ತಿಳಿಯಬೇಕು.

ನಮ್ಮಲ್ಲಿ ಇಂಥ ಮಕ್ಕಳಿಗೆ ಮೊದಲು ಅಂಟಿಕೊಳ್ಳುವ ಹೆಸರು ಟಿಬಿ, ನ್ಯುಮೋನಿಯಾ ಅಥವಾ ಆಸ್ತಮಾ. ಹಾಗಾಗಿ ಹಿಂದಿನ ತಲೆಮಾರಿನ ಬಗ್ಗೆ ವಿಚಾರಿಸುವಾಗ ಕಾಯಿಲೆಯ ಹೆಸರು ಕೇಳಬೇಡಿ, ಕಂಡದ್ದನ್ನು ಕೇಳಿ. ಮಗುವಿಗೆ ಮುತ್ತಿಟ್ಟರೆ ಹಣೆ ಉಪ್ಪುಪ್ಪು ಎನ್ನುತ್ತಿದ್ದರೇ? ಬೇಸಿಗೆಯಲ್ಲಿ ಅಂಗಿಯ ಮೇಲೆ ಬಿಳಿ ಉಪ್ಪಿನ ಗುರುತು ಮೂಡುತ್ತಿತ್ತೇ? ಎಷ್ಟು ಉಣಿಸಿದರೂ ಮೈ ಹತ್ತದೆ, ಮಲದಲ್ಲಿ ಎಣ್ಣೆ ತೇಲುತ್ತಿತ್ತೇ? ತಿಂಗಳು ತುಂಬಿ ಹುಟ್ಟಿದ ಕೂಸು ಕೆಲವೇ ದಿನಗಳಲ್ಲಿ ಉಸಿರು ಹತ್ತದೆ ಹೋಯಿತೇ? ಮದುವೆಯಾದರೂ ಮಕ್ಕಳಾಗದ, ಸದಾ ಕೆಮ್ಮುತ್ತಿದ್ದ ಗಂಡಸರು ಇದ್ದರೇ? ಸಿಸ್ಟಿಕ್ ಫೈಬ್ರೋಸಿಸ್ ಇರುವ ಗಂಡಸರಲ್ಲಿ ಹೆಚ್ಚಿನವರಿಗೆ ವೀರ್ಯನಾಳವೇ ಬೆಳೆದಿರುವುದಿಲ್ಲ. ಮಕ್ಕಳಿಲ್ಲದ್ದಕ್ಕೆ ಅವರ ಹೆಂಡತಿಯರು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆವರಿನ ಪರೀಕ್ಷೆ ರೋಗಿಯನ್ನು ಗುರುತಿಸುತ್ತದೆ, ವಾಹಕರನ್ನಲ್ಲ. "ಬೆವರು ನಾರ್ಮಲ್, ಆದ್ದರಿಂದ ನಾನು ವಾಹಕನಲ್ಲ" ಎಂದು ಹೇಳಿದವರನ್ನು ಕಂಡಿದ್ದೇನೆ. ಅದು ತಪ್ಪು.

ವಂಶವೃಕ್ಷ ಬರೆಯುವಾಗ ಕನ್ನಡವೇ ಕೊಡುವ ತೊಡಕು

ದೊಡ್ಡ ಹಾಳೆ ತೆಗೆದುಕೊಂಡು ಪೆನ್ಸಿಲ್ಲಿನಲ್ಲಿ ಬರೆಯಿರಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು ತುಂಬಿ, ತೀರಿಕೊಂಡವರಿಗೆ ಅಡ್ಡಗೆರೆ. ಗಂಡ ಹೆಂಡತಿಯ ನಡುವೆ ಒಂದು ಗೆರೆ. ಅವರು ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಜೋಡಿಗೆರೆ. ಕನಿಷ್ಠ ಮೂರು ತಲೆಮಾರು ಬರಬೇಕು. ಶಿಶುವಾಗಿದ್ದಾಗಲೇ ಹೋದವರನ್ನೂ ಗರ್ಭಪಾತಗಳನ್ನೂ ಬಿಡಬೇಡಿ. ಮನೆಯಲ್ಲಿ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ, ಗಂಡಸರಿಗೆ ಇದು ನೆನಪಿರುವುದಿಲ್ಲ.

ಸಂಬಂಧದ ಪದಗಳಲ್ಲಿ ನಮ್ಮ ಭಾಷೆ ಶ್ರೀಮಂತವಾದದ್ದು. ಸೋದರಮಾವ ಎಂದರೆ ತಾಯಿಯ ಕಡೆ, ಚಿಕ್ಕಪ್ಪ ಎಂದರೆ ತಂದೆಯ ಕಡೆ ಎಂಬುದು ಹೇಳದೆಯೇ ತಿಳಿಯುತ್ತದೆ. ಆದರೆ ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕು ಪದಗಳು ಲೆಕ್ಕವನ್ನು ಕೆಡಿಸುತ್ತವೆ. ದೊಡ್ಡಪ್ಪನ ಮಗನೂ ಅಣ್ಣ, ಚಿಕ್ಕಮ್ಮನ ಮಗಳೂ ತಂಗಿ. "ನನ್ನ ತಮ್ಮನಿಗೆ ಈ ಕಾಯಿಲೆ ಇತ್ತು" ಎಂದು ಹೇಳಿದವರ ಭಾಗ ಮೂರರಲ್ಲಿ ಎರಡೋ ನಾಲ್ಕರಲ್ಲಿ ಒಂದೋ ಎಂಬುದು ಆ ತಮ್ಮ ಒಡಹುಟ್ಟಿದವನೋ ಅಲ್ಲವೋ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ನಾನು ಪ್ರತಿಯೊಬ್ಬರನ್ನೂ "ಒಂದೇ ತಾಯಿ, ಒಂದೇ ತಂದೆಯೇ?" ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಪ್ರತಿಯೊಬ್ಬರಿಗೂ ಒಂದು ಭಾಗ

ಈಗ ಚಿತ್ರದಲ್ಲಿ ಕಪ್ಪು ತುಂಬಿದವರಿಂದ ಹೊರಡಿ.

ರೋಗಿಯ ತಂದೆ ತಾಯಿ ಇಬ್ಬರೂ ಖಚಿತವಾಗಿ ವಾಹಕರು. ಇಬ್ಬರ ಪಕ್ಕದಲ್ಲೂ 1 ಎಂದು ಬರೆಯಿರಿ. ತೀರಾ ಅಪರೂಪದ ಅಪವಾದಗಳಿವೆ, ಮನೆಯ ಲೆಕ್ಕದಲ್ಲಿ ಅವು ಬೇಡ. ಈ ಒಂದು ಸಾಲನ್ನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳಬೇಕು. ಏಕೆಂದರೆ "ಇದು ಅವಳ ತವರಿನಿಂದ ಬಂದದ್ದು" ಎಂಬ ಮಾತು ಪ್ರತಿ ಮನೆಯಲ್ಲೂ ಇರುತ್ತದೆ. ರಿಸೆಸಿವ್ ಕಾಯಿಲೆ ಒಂದೇ ಕಡೆಯಿಂದ ಬರಲಾರದು.

ರೋಗಿಯ ಒಡಹುಟ್ಟಿದವರು ಆರೋಗ್ಯವಾಗಿದ್ದರೆ ಅವರಿಗೆ 2/3. ಅರ್ಧ ಇರಬೇಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇಬ್ಬರು ವಾಹಕರ ಮಕ್ಕಳಲ್ಲಿ ನಾಲ್ಕು ಸಾಧ್ಯತೆ: ಎರಡೂ ಒಳ್ಳೆಯವು, ಅಪ್ಪನದು ಮಾತ್ರ ಕೆಟ್ಟದ್ದು, ಅಮ್ಮನದು ಮಾತ್ರ ಕೆಟ್ಟದ್ದು, ಎರಡೂ ಕೆಟ್ಟವು. ಈ ಹುಡುಗಿಗೆ ಕಾಯಿಲೆ ಇಲ್ಲ ಎಂಬುದು ಗೊತ್ತಾಗಿದೆ, ಹಾಗಾಗಿ ನಾಲ್ಕನೆಯದನ್ನು ಹೊಡೆದುಹಾಕಿ. ಉಳಿದ ಮೂರರಲ್ಲಿ ಎರಡು ವಾಹಕರದು. ಇಲ್ಲಿ "ಗೊತ್ತಾಗಿದೆ" ಎಂಬ ಮಾತಿಗೆ ತೂಕವಿದೆ. ಎರಡು ತಿಂಗಳ ತಂಗಿಗೆ ಈ 2/3 ಹಚ್ಚಬೇಡಿ, ಮೊದಲು ಅವಳ ಬೆವರಿನ ಪರೀಕ್ಷೆ ಆಗಲಿ.

ರೋಗಿಯ ತಂದೆ ತಾಯಿಯ ಒಡಹುಟ್ಟಿದವರಿಗೆ, ಅಂದರೆ ಸೋದರಮಾವ, ಚಿಕ್ಕಮ್ಮ, ಚಿಕ್ಕಪ್ಪ, ಅತ್ತೆ ಇವರಿಗೆ, 1/2. ಅವರ ಮಕ್ಕಳಿಗೆ 1/4. ರೋಗಿಯ ಆರೋಗ್ಯವಂತ ಅಕ್ಕನ ಮಕ್ಕಳಿಗೆ 2/3ರ ಅರ್ಧ, ಅಂದರೆ 1/3. ರೋಗಿಗೇ ಮಕ್ಕಳಾದರೆ ಅವರೆಲ್ಲರೂ ಕನಿಷ್ಠ ವಾಹಕರು, ಅಲ್ಲಿ ಊಹೆಗೆ ಜಾಗವಿಲ್ಲ. ಕೆಳಗೆ ಇಳಿದಂತೆ ಪ್ರತಿ ಮೆಟ್ಟಿಲಿಗೂ ಅರ್ಧ ಮಾಡುತ್ತಾ ಹೋಗಿ. ಕಾಯಿಲೆಯ ಮಗುವಿನ ತಂದೆ ತಾಯಿಯೇ ಜೋಡಿಗೆರೆಯವರಾಗಿದ್ದರೆ ಮಾತ್ರ ಇಲ್ಲಿಗೆ ಪೆನ್ಸಿಲ್ ಕೆಳಗಿಡಿ. ಆಗ ಒಬ್ಬ ವ್ಯಕ್ತಿಗೆ ಎರಡು ದಾರಿಯಿಂದ ದೋಷ ಬರಬಹುದು, ಆ ಲೆಕ್ಕವನ್ನು ಸಲಹೆಗಾರರ ಜೊತೆ ಕುಳಿತೇ ಮಾಡಬೇಕು.

ಹೊರಗಿನಿಂದ ಬಂದವರಿಗೆ ಯಾವ ಸಂಖ್ಯೆ?

ಮನೆತನದಲ್ಲಿ ಕಾಯಿಲೆಯ ಸುಳಿವೇ ಇಲ್ಲದವರಿಗೂ ಸೊನ್ನೆ ಬರೆಯುವಂತಿಲ್ಲ. ಅವರಿಗೆ ಅವರ ಜನಸಮುದಾಯದ ಸಂಖ್ಯೆ. ಅದನ್ನು ತೆಗೆಯುವ ಸುಲಭ ಉಪಾಯ 1908ರಿಂದ ಇದೆ, ಹಾರ್ಡಿ ಮತ್ತು ವೈನ್‌ಬರ್ಗ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕೊಟ್ಟದ್ದು. ಎಷ್ಟು ಜನನಕ್ಕೆ ಒಂದು ಮಗುವಿಗೆ ಕಾಯಿಲೆ ಎಂಬುದರ ವರ್ಗಮೂಲ ತೆಗೆಯಿರಿ, ಅದನ್ನು ಎರಡರಿಂದ ಭಾಗಿಸಿ. ಉತ್ತರ ಯುರೋಪಿನಲ್ಲಿ ಸುಮಾರು 2500 ಮಕ್ಕಳಿಗೆ ಒಂದು ಸಿಸ್ಟಿಕ್ ಫೈಬ್ರೋಸಿಸ್. ವರ್ಗಮೂಲ 50, ಅದರ ಅರ್ಧ 25. ಅಂದರೆ ಅಲ್ಲಿ 25 ಜನರಲ್ಲಿ ಒಬ್ಬರು ವಾಹಕರು.

ಭಾರತಕ್ಕೆ ಇಷ್ಟು ಗಟ್ಟಿಯಾದ ಸಂಖ್ಯೆ ಇಲ್ಲ. ದೆಹಲಿಯಲ್ಲಿ 955 ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತ ನೋಡಿದಾಗ, ಯುರೋಪಿನಲ್ಲಿ ಬಹುಪಾಲು ಕಾಣುವ ಎಫ್508ಡೆಲ್ ಎಂಬ ದೋಷದ ವಾಹಕರು ಸುಮಾರು 238ಕ್ಕೆ ಒಬ್ಬರು ಸಿಕ್ಕರು. ಅದರಿಂದ ಹೊರಟ ಅಂದಾಜು 40 ಸಾವಿರದಿಂದ ಒಂದು ಲಕ್ಷ ಜನನಕ್ಕೆ ಒಂದು ಕಾಯಿಲೆ. ನಾನು ಮನೆಲೆಕ್ಕಕ್ಕೆ 40 ಸಾವಿರವನ್ನೇ ಹಿಡಿಯುತ್ತೇನೆ. ವರ್ಗಮೂಲ 200, ಅರ್ಧ 100. ಹೊರಗಿನ ಕನ್ನಡಿಗ ವರನಿಗೋ ವಧುವಿಗೋ 1/100. ಸ್ವಲ್ಪ ಹೆಚ್ಚಾಗಿಯೇ ಹಿಡಿದಂತಾಯಿತು, ಆದರೂ ಪರವಾಗಿಲ್ಲ. ಹಾರ್ಡಿ-ವೈನ್‌ಬರ್ಗ್ ಉಪಾಯ ಜನ ಯಾರನ್ನು ಬೇಕಾದರೂ ಮದುವೆಯಾಗುತ್ತಾರೆ ಎಂದು ನಂಬಿಕೊಂಡಿದೆ. ನಮ್ಮಲ್ಲಿ ಒಳಪಂಗಡ ನೋಡಿ ಹೆಣ್ಣು ತರುವವರು ಎಷ್ಟು ಎಂಬುದನ್ನು ಆ ಇಬ್ಬರಿಗೂ ಯಾರೂ ಹೇಳಿರಲಿಲ್ಲ.

ಗುಣಿಸುವುದು

ಗಂಡನ ಭಾಗ × ಹೆಂಡತಿಯ ಭಾಗ × 1/4. ಕೊನೆಯ ಕಾಲು ಭಾಗ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿಗೂ ಇರುವ ಸಾಧ್ಯತೆ. ಮೊದಲ ಮಗುವಿಗೆ ಕಾಯಿಲೆ ಬಂದರೆ ಮುಂದಿನ ಮೂರಕ್ಕೆ ರಿಯಾಯಿತಿ ಎಂದೇನಿಲ್ಲ.

ಫೈಲಿನ ಆ ಹುಡುಗಿಯನ್ನೇ ತೆಗೆದುಕೊಳ್ಳೋಣ. ಅವಳಿಗೆ 2/3.

ಅವಳು ಕರ್ನಾಟಕದಲ್ಲೇ ಸಂಬಂಧವಿಲ್ಲದ ಹುಡುಗನನ್ನು ಮದುವೆಯಾದರೆ 2/3 × 1/100 × 1/4. ಅಂದರೆ 600ರಲ್ಲಿ 1.

ಕೆಲಸಕ್ಕೆಂದು ಬರ್ಮಿಂಗ್‌ಹ್ಯಾಮಿಗೆ ಹೋಗಿ ಅಲ್ಲಿನ ಇಂಗ್ಲಿಷ್ ಹುಡುಗನನ್ನು ಮದುವೆಯಾದರೆ 2/3 × 1/25 × 1/4. ಅಂದರೆ 150ರಲ್ಲಿ 1.

ಸೋದರಮಾವನನ್ನೇ ಮದುವೆಯಾದರೆ 2/3 × 1/2 × 1/4. ಅಂದರೆ 12ರಲ್ಲಿ 1.

ಹುಡುಗಿ ಅದೇ, ರಕ್ತ ಅದೇ. ಎದುರಿಗೆ ಯಾರು ನಿಂತರು ಎಂಬುದರ ಮೇಲೆ 600 ಹನ್ನೆರಡಾಗುತ್ತದೆ. ಈ ಮೂರು ಸಾಲುಗಳನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಆ ತಾಯಿ ತುಂಬ ಹೊತ್ತು ಮೂರನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು.

ಮನೆತನದಲ್ಲಿ ಕಾಯಿಲೆಯೇ ಇಲ್ಲದಿದ್ದರೆ ಸೋದರಿಕೆಯ ಲೆಕ್ಕ ಬೇರೆ. ಅಕ್ಕನ ಮಗಳನ್ನು ತಂದುಕೊಂಡವರ ಮಕ್ಕಳಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಸಾಧ್ಯತೆ 1/8, ಅತ್ತೆಯ ಅಥವಾ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ 1/16. ಇದನ್ನು 40 ಸಾವಿರದ ಲೆಕ್ಕಕ್ಕೆ ಸೇರಿಸಿದರೆ ಸಿಸ್ಟಿಕ್ ಫೈಬ್ರೋಸಿಸ್ ಅಪಾಯ ಮೊದಲನೆಯದರಲ್ಲಿ ಸುಮಾರು 1500ರಲ್ಲಿ 1, ಎರಡನೆಯದರಲ್ಲಿ ಸುಮಾರು 3000ದಲ್ಲಿ 1. ಒಂದು ಕಾಯಿಲೆಗೆ ಇದು ಚಿಕ್ಕ ಸಂಖ್ಯೆ, ಆದರೆ ರಿಸೆಸಿವ್ ಕಾಯಿಲೆಗಳು ಸಾವಿರಾರು ಇವೆ. 1955ರ ಹಿಂದೂ ವಿವಾಹ ಕಾಯ್ದೆಯೂ ಸಂಪ್ರದಾಯವಿರುವಲ್ಲಿ ಇಂಥ ಮದುವೆಗೆ ಅಡ್ಡ ಬರುವುದಿಲ್ಲ. ನಾನೂ ಯಾರಿಗೂ ಬೇಡ ಎನ್ನುವುದಿಲ್ಲ. ಪರೀಕ್ಷೆ ಮಾಡಿಸಿ ಎನ್ನುತ್ತೇನೆ.

ಪರೀಕ್ಷೆ: ಬಲೆಯ ಕಣ್ಣು ಎಷ್ಟು ದೊಡ್ಡದು?

ಸಿಎಫ್‌ಟಿಆರ್ ಜೀನ್ 1989ರಲ್ಲಿ ಪತ್ತೆಯಾಯಿತು. ಅದರಲ್ಲಿ ಈವರೆಗೆ ಎರಡು ಸಾವಿರಕ್ಕೂ ಹೆಚ್ಚು ವ್ಯತ್ಯಾಸಗಳು ದಾಖಲಾಗಿವೆ. ಎಲ್ಲವೂ ಕಾಯಿಲೆ ತರುವಂಥವಲ್ಲ. ಅಗ್ಗದ ಪರೀಕ್ಷೆಗಳು ಇವುಗಳಲ್ಲಿ ಆಯ್ದ ಕೆಲವನ್ನು ಮಾತ್ರ ಹುಡುಕುತ್ತವೆ. ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪಟ್ಟಿಯಲ್ಲಿ 23 ದೋಷಗಳಿದ್ದವು, ಅವು ಅಲ್ಲಿನ ಜನರಲ್ಲಿ ಹೆಚ್ಚು ಕಂಡವು. ಭಾರತೀಯ ರೋಗಿಗಳಲ್ಲಿ ಎಫ್508ಡೆಲ್ ಪಾಲು ಯುರೋಪಿನವರಿಗಿಂತ ಬಹಳ ಕಡಿಮೆ, ಉಳಿದವು ಚದುರಿಹೋಗಿವೆ. ಬೇರೆ ಕೆರೆಯ ಮೀನಿಗೆ ಹೆಣೆದ ಬಲೆಯನ್ನು ನಮ್ಮ ಕೆರೆಗೆ ಬೀಸಿದಂತೆ.

ಇಂಥ ಬಲೆಯಲ್ಲಿ "ನೆಗೆಟಿವ್" ಬಂದರೆ ಎಷ್ಟು ಸಮಾಧಾನ ಪಡಬಹುದು? ಆ ಹುಡುಗಿಯಂಥ 300 ಮಂದಿಯನ್ನು ಸಾಲಾಗಿ ನಿಲ್ಲಿಸಿ. 200 ಮಂದಿ ವಾಹಕರು, 100 ಮಂದಿ ಅಲ್ಲ. ಬಲೆ ಅರ್ಧದಷ್ಟು ದೋಷಗಳನ್ನು ಹಿಡಿಯುತ್ತದೆ ಎಂದುಕೊಳ್ಳಿ. ವಾಹಕರಲ್ಲಿ 100 ಮಂದಿ ಸಿಕ್ಕಿಬೀಳುತ್ತಾರೆ, 100 ಮಂದಿ ನುಣುಚಿಕೊಳ್ಳುತ್ತಾರೆ. ನೆಗೆಟಿವ್ ಎಂಬ ಕಾಗದ ಹಿಡಿದವರು ಈಗ 200: ನುಣುಚಿಕೊಂಡ 100 ವಾಹಕರು ಮತ್ತು ನಿಜವಾಗಿಯೂ ವಾಹಕರಲ್ಲದ 100. ಅಂದರೆ 2/3 ಇದ್ದದ್ದು 1/2 ಆಯಿತು, ಅಷ್ಟೇ. ಬಲೆ ನೂರರಲ್ಲಿ 90 ಹಿಡಿದರೂ 20 ಮಂದಿ ನುಣುಚುತ್ತಾರೆ, ಆಗ 120ರಲ್ಲಿ 20, ಅಂದರೆ 1/6. ಅದೇ 90ರ ಬಲೆಯನ್ನು ಹೊರಗಿನ ಸಾವಿರ ಜನರ ಮೇಲೆ ಬೀಸಿದರೆ 10 ವಾಹಕರಲ್ಲಿ ಒಬ್ಬರು ಮಾತ್ರ ಉಳಿಯುತ್ತಾರೆ, ನೆಗೆಟಿವ್ ಬಂದವರಿಗೆ 991ರಲ್ಲಿ 1. ಕಾಗದ ಒಂದೇ, ಪದ ಒಂದೇ. ಹಿಡಿದವರು ಯಾರು ಎಂಬುದರ ಮೇಲೆ ಅದರ ಬೆಲೆ.

ಈಗ ಆ ಐದು ರಿಪೋರ್ಟ್‌ಗಳನ್ನು ಮತ್ತೆ ನೋಡಿ. ತಂದೆ ತಾಯಿಯದೂ ನೆಗೆಟಿವ್. ಆದರೆ ಕಾಯಿಲೆಯ ಮಗುವನ್ನು ಹೆತ್ತವರು ವಾಹಕರೇ ಎಂದು ಮೇಲೆ ಬರೆದಿದ್ದೇವೆ. ಹಾಗಾದರೆ ಆ ಎರಡು ಕಾಗದಗಳು ಹೇಳುವುದು ಒಂದನ್ನೇ: ಈ ಮನೆಯ ದೋಷ ಈ ಬಲೆಗೆ ಕಾಣುವುದಿಲ್ಲ. ಹೆತ್ತವರಲ್ಲೇ ಹಿಡಿಯಲಾಗದ್ದನ್ನು ಮಗಳಲ್ಲಿ, ತಮ್ಮನಲ್ಲಿ, ಅಜ್ಜಿಯಲ್ಲಿ ಹಿಡಿಯುವುದು ಹೇಗೆ? ಐದು ಜನರ ರಕ್ತ, ಐದು ಜನರ ದುಡ್ಡು, ಲೆಕ್ಕಕ್ಕೆ ಸೊನ್ನೆ. ಪ್ರಯೋಗಾಲಯದವರು ಐದೂ ಕಾಗದಗಳ ಕೆಳಗೆ ಚಿಕ್ಕ ಅಕ್ಷರಗಳಲ್ಲಿ "ಪರೀಕ್ಷಿಸಿದ ದೋಷಗಳಿಗೆ ಮಾತ್ರ ಅನ್ವಯ" ಎಂಬ ಅರ್ಥದ ಸಾಲೊಂದನ್ನು ಅಚ್ಚು ಹಾಕಿದ್ದರು. ಅದನ್ನು ಯಾರೂ ಓದಿ ಹೇಳಿರಲಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ರೋಗಿಯ ರಕ್ತ, ಪೂರ್ತಿ ಜೀನಿನ ಸೀಕ್ವೆನ್ಸಿಂಗ್, ಅಂದರೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವುದು. ಜೀನಿನ ದೊಡ್ಡ ತುಣುಕೇ ಹಾರಿಹೋಗಿದೆಯೇ ಎಂದು ನೋಡುವ ಪರೀಕ್ಷೆಯೂ ಅದರ ಜೊತೆಗಿರಲಿ, ಬರಿಯ ಸೀಕ್ವೆನ್ಸಿಂಗ್ ಕೆಲವೊಮ್ಮೆ ಅದನ್ನು ಕಾಣುವುದಿಲ್ಲ. ಎರಡು ದೋಷಗಳು ಸಿಗಬೇಕು. ಆಮೇಲೆ ತಂದೆ ತಾಯಿ: ಒಂದು ಅಪ್ಪನಲ್ಲಿ, ಇನ್ನೊಂದು ಅಮ್ಮನಲ್ಲಿ ಇದೆ ಎಂಬುದು ಖಚಿತವಾಗಬೇಕು. ಆಮೇಲೆಯೇ ಉಳಿದ ನೆಂಟರು, ಅವರಿಗೆ ಆ ಎರಡು ದೋಷಗಳನ್ನಷ್ಟೇ ಹುಡುಕಿದರೆ ಸಾಕು. ಇದು ಅಗ್ಗ, ಬೇಗ, ಮತ್ತು ಇಲ್ಲಿ ನೆಗೆಟಿವ್ ಎಂದರೆ ಆ ಮನೆಯ ದೋಷ ಇಲ್ಲ ಎಂದೇ ಅರ್ಥ. ಹೊರಗಿನಿಂದ ಬಂದ ಸೊಸೆಗೋ ಅಳಿಯನಿಗೋ ಮಾತ್ರ ಈ ಎರಡು ಸಾಲದು, ಅವರಿಗೆ ಪೂರ್ತಿ ಜೀನ್ ನೋಡಬೇಕು.

ಮಗು ತೀರಿಕೊಂಡಿದ್ದರೆ? ಆಸ್ಪತ್ರೆಯಲ್ಲಿ ಒಣಗಿಸಿಟ್ಟ ರಕ್ತದ ಚುಕ್ಕೆಯೋ ಬಯಾಪ್ಸಿಯ ತುಣುಕೋ ಉಳಿದಿದೆಯೇ ಎಂದು ವಿಚಾರಿಸಿ. ಏನೂ ಇಲ್ಲದಿದ್ದರೆ ತಂದೆ ತಾಯಿ ಇಬ್ಬರಿಗೂ ಪೂರ್ತಿ ಸೀಕ್ವೆನ್ಸಿಂಗ್ ಮಾಡಿಸಿ. ಮಗು ಈಗ ತೀವ್ರ ಅಸ್ವಸ್ಥವಾಗಿದ್ದರೆ, ಹೇಳಲು ಕಷ್ಟವಾದರೂ ಹೇಳುತ್ತೇನೆ, ಇಂದೇ ಡಿಎನ್‌ಎ ತೆಗೆದಿರಿಸಲು ಕೇಳಿಕೊಳ್ಳಿ.

ರಿಪೋರ್ಟ್ ಕೈಗೆ ಬಂದಾಗ ಎರಡು ವಿಷಯ ನೋಡಿ. ಒಂದು, ದೋಷದ ಪಕ್ಕದಲ್ಲಿ ಪ್ಯಾಥೊಜೆನಿಕ್ (ಕಾಯಿಲೆ ತರುವಂಥದ್ದು) ಎಂದಿದೆಯೋ ವಿಯುಎಸ್ ಎಂದಿದೆಯೋ. ವಿಯುಎಸ್ ಎಂದರೆ ಈ ವ್ಯತ್ಯಾಸ ಕಾಯಿಲೆ ತರುತ್ತದೆಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದು. ಅದರ ಮೇಲೆ ಮದುವೆಯನ್ನೂ ಮುರಿಯಬೇಡಿ, ಬಸಿರನ್ನೂ ತೆಗೆಸಬೇಡಿ. ಇನ್ನೊಂದು, ದೋಷದ ಹೆಸರು. ಎಫ್508ಡೆಲ್ ಎಂಬುದೇ ಇನ್ನೊಂದು ಕಾಗದದಲ್ಲಿ ಸಿ.1521_1523ಡೆಲ್ ಎಂದಿರುತ್ತದೆ, ಹಳೆಯದರಲ್ಲಿ ಡೆಲ್ಟಾ ಎಫ್508. ಒಂದು ಅಂಕಿ ತಪ್ಪಿದರೆ ಬೇರೆಯದೇ ದೋಷ. ನೆಂಟರಿಗೆ ಫೋನಿನಲ್ಲಿ ಓದಿ ಹೇಳಬೇಡಿ, ಚೀಟಿಯಲ್ಲಿ ಬರೆದೂ ಕೊಡಬೇಡಿ. ರಿಪೋರ್ಟಿನ ಜೆರಾಕ್ಸ್ ಕೊಡಿ.

ಇನ್ನೆರಡು ಕಾಯಿಲೆಗಳಲ್ಲಿ ಲೆಕ್ಕ ಹೇಗೆ ಬದಲಾಗುತ್ತದೆ

ಪ್ರೈಮರಿ ಸಿಲಿಯರಿ ಡಿಸ್ಕಿನೇಶಿಯ. ಉಸಿರುದಾರಿಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ಕೂದಲುಗಳು ಸರಿಯಾಗಿ ಬಡಿಯುವುದಿಲ್ಲ. ಹುಟ್ಟಿದಾಗಿನಿಂದ ಮೂಗು ಸೋರುವುದು, ಕೆಮ್ಮು, ಕಿವಿ ಸೋರುವುದು. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯ ಬಲಗಡೆ, ಯಕೃತ್ತು ಎಡಗಡೆ ಇರುತ್ತದೆ. "ನಮ್ಮ ಚಿಕ್ಕಪ್ಪನ ಎದೆ ಬಲಗಡೆ ಬಡಿಯುತ್ತಿತ್ತು" ಎಂಬ ಮಾತು ಬಂದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಇಲ್ಲಿನ ತೊಡಕೆಂದರೆ ಈ ಕಾಯಿಲೆಗೆ ಐವತ್ತಕ್ಕೂ ಹೆಚ್ಚು ಜೀನ್‌ಗಳು ಕಾರಣವಾಗಬಲ್ಲವು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೂ ಜೀನ್ ಬೇರೆ ಬೇರೆಯಾಗಿದ್ದರೆ ಮಕ್ಕಳಿಗೆ ಕಾಯಿಲೆಯಿಲ್ಲ. ಹೊರಗಿನ ಮದುವೆಯಲ್ಲಿ ಅದೇ ಜೀನಿನ ವಾಹಕರು ಎದುರಾಗುವುದು ಹಾಗಾಗಿ ಬಹಳ ಅಪರೂಪ. ಸೋದರಿಕೆಯಲ್ಲಿ ಹಾಗಲ್ಲ, ಅಲ್ಲಿ ಅದೇ ಮನೆಯ ಅದೇ ಜೀನ್ ಎದುರಿಗೆ ಬಂದು ನಿಲ್ಲುತ್ತದೆ, 12ರಲ್ಲಿ 1 ಎಂಬುದು ಹಾಗೆಯೇ ಉಳಿಯುತ್ತದೆ. ಈ ಕಾಯಿಲೆಯ ಕೆಲವು ಜೀನ್‌ಗಳು ಎಕ್ಸ್ ಕ್ರೋಮೋಸೋಮಿನ ಮೇಲೂ ಇವೆ, ಅಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಜೀನ್ ಯಾವುದು ಎಂದು ತಿಳಿಯದೆ ಭಾಗ ಹಾಕಬೇಡಿ.

ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ. 1963ರಲ್ಲಿ ಸ್ವೀಡನ್ನಿನಲ್ಲಿ ಗುರುತಿಸಿದ್ದು, ನಮ್ಮಲ್ಲಿ ಬಹಳ ವಿರಳ. ಇದರಲ್ಲಿ ಝಡ್ ಎಂದು ಕರೆಯುವ ಕೆಟ್ಟ ಪ್ರತಿ ಎರಡು ಇದ್ದವರಿಗೆ ನಡುವಯಸ್ಸಿನಲ್ಲೇ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ, ಬರಬಹುದು, ಬೀಡಿ ಸಿಗರೇಟು ಸೇದಿದರೆ ಇನ್ನೂ ಬೇಗ. ಇಲ್ಲಿ ಒಂದೇ ಝಡ್ ಇರುವ ವಾಹಕರೂ ಪೂರ್ತಿ ಸುರಕ್ಷಿತರಲ್ಲ: ಸೇದುವವರಾಗಿದ್ದರೆ ಅವರ ಶ್ವಾಸಕೋಶಕ್ಕೂ ಅಪಾಯ ಹೆಚ್ಚು. ಬೇರೆ ಕಾಯಿಲೆಗಳಲ್ಲಿ ವಾಹಕರಿಗೆ "ನಿಮಗೇನೂ ಆಗುವುದಿಲ್ಲ" ಎಂದು ಹೇಳುತ್ತೇನೆ, ಇಲ್ಲಿ "ಬೀಡಿ ಬಿಡಿ" ಎಂದು ಹೇಳುತ್ತೇನೆ.

ಸಮಯದ ಲೆಕ್ಕ

ಇದೆಲ್ಲವನ್ನೂ ಬಸಿರಿಗೆ ಮುಂಚೆಯೇ ಮಾಡಿ ಮುಗಿಸಬೇಕು. ಸೀಕ್ವೆನ್ಸಿಂಗ್ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಇಬ್ಬರೂ ವಾಹಕರು ಎಂದು ಖಚಿತವಾದ ದಂಪತಿಗೆ ಭ್ರೂಣದ ಪರೀಕ್ಷೆ ಸಾಧ್ಯ: ಕೋರಿಯಾನಿಕ್ ವಿಲ್ಲಸ್, ಅಂದರೆ ಮಾಸಿನ, ತುಣುಕು ತೆಗೆಯುವುದು 11ರಿಂದ 13ನೆಯ ವಾರದ ಸುಮಾರಿಗೆ, ಗರ್ಭಜಲ ತೆಗೆಯುವುದು 15-16ನೆಯ ವಾರದಿಂದ. ಯಾವ ದೋಷವನ್ನು ಹುಡುಕಬೇಕು ಎಂಬುದು ಮೊದಲೇ ಗೊತ್ತಿರದಿದ್ದರೆ ಈ ತುಣುಕಿನಿಂದ ಏನೂ ತಿಳಿಯುವುದಿಲ್ಲ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಾಯಿತ ಕೇಂದ್ರದಲ್ಲಿ ಮಾತ್ರ ಇದು ನಡೆಯುತ್ತದೆ. ವಂಶವಾಹಿ ಕಾಯಿಲೆಗಾಗಿ ಪರೀಕ್ಷೆಗೆ ಅವಕಾಶವಿದೆ, ಮಗು ಗಂಡೋ ಹೆಣ್ಣೋ ಎಂದು ಯಾರೂ ಹೇಳುವುದಿಲ್ಲ, ಕೇಳಲೂಬೇಡಿ. ಐವಿಎಫ್ ಮಾಡಿ ಭ್ರೂಣವನ್ನು ಮೊದಲೇ ಪರೀಕ್ಷಿಸಿ ಇರಿಸುವ ದಾರಿಯೂ ಇದೆ, ಖರ್ಚು ದೊಡ್ಡದು.

ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯಕೀಯ ತಳಿಶಾಸ್ತ್ರ ವಿಭಾಗ ಇಂಥ ಕುಟುಂಬಗಳನ್ನು ನೋಡುತ್ತವೆ. ಹೋಗುವಾಗ ಪೆನ್ಸಿಲ್ಲಿನ ವಂಶವೃಕ್ಷ, ರೋಗಿಯ ಬೆವರಿನ ಪರೀಕ್ಷೆಯ ಕಾಗದ, ಜೀನ್ ರಿಪೋರ್ಟ್ ಇದ್ದರೆ ಅದು, ತೀರಿಕೊಂಡ ಮಕ್ಕಳ ಆಸ್ಪತ್ರೆ ಚೀಟಿಗಳು ಇರಲಿ. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಮಗು ಹುಟ್ಟಿದ ನೆಂಟರಿದ್ದರೆ ಅವರನ್ನೂ ಕೇಳಿ. ಅಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹಿಮ್ಮಡಿಯ ರಕ್ತ ತೆಗೆದು ಈ ಕಾಯಿಲೆಗೆ ನೋಡುತ್ತಾರೆ. ಮಗು ವಾಹಕ ಎಂದು ಬಂದ ಪತ್ರವನ್ನು ಊರಿಗೆ ತಿಳಿಸದೆ ಬೀರುವಿನಲ್ಲಿಟ್ಟವರೂ ಇದ್ದಾರೆ.

ಆ ಮನೆಯ ಹುಡುಗನ ರಕ್ತ ಕೊನೆಗೂ ಹೋಯಿತು. ಎರಡು ದೋಷಗಳು ಸಿಕ್ಕವು, ಎರಡೂ ಮೊದಲು ಮಾಡಿಸಿದ ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ. ಮರುಪರೀಕ್ಷೆಯಲ್ಲಿ ಹುಡುಗಿ ವಾಹಕಳು ಎಂದು ಬಂತು, ಅವಳಿಗೆ ಇಳಿದಿದ್ದದ್ದು ಅಪ್ಪನ ಕಡೆಯ ದೋಷ. ಸೋದರಮಾವನಲ್ಲಿ ಅಕ್ಕನ ದೋಷ ಇರಲಿಲ್ಲ. ಎಲ್ಲರೂ ಹೆದರಿದ್ದ ಆ ಸಂಬಂಧದ ಅಪಾಯ ಈಗ ಹೊರಗಿನ ಯಾವ ಹುಡುಗನಿಗಾದರೂ ಇರುವಷ್ಟೇ. ಬೇಕೆಂದರೆ ಅವನ ಪೂರ್ತಿ ಜೀನ್ ನೋಡಿಸಿ ಅದನ್ನೂ ಇನ್ನಷ್ಟು ಇಳಿಸಬಹುದು ಎಂದು ಹೇಳಿದೆ.

ಆಮೇಲೆ ಹಾಳೆಯ ಎಡಬದಿ ತೋರಿಸಿ ಕೇಳಿದೆ, ಇಲ್ಲಿ ಒಬ್ಬರ ಪಕ್ಕದಲ್ಲಿ ಭಾಗವೇ ಬರೆದಿಲ್ಲವಲ್ಲ? ಅದು ಹುಡುಗಿಯ ಚಿಕ್ಕಪ್ಪ. "ತವರಿನ ಕಡೆಯದು" ಎಂದುಕೊಂಡು ಅವರನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ಅವರ ಹೆಂಡತಿಗೆ ಆಗ ಎಂಟನೆಯ ವಾರ, ಹೊರಗಿನ ಸಂಬಂಧ. 1/2 × 1/100 × 1/4 ಎಂದು ಬರೆದು, ಕೆಳಗೆ 800ರಲ್ಲಿ 1 ಎಂದು ಬರೆದೆ. ಹೆದರುವ ಸಂಖ್ಯೆಯಲ್ಲ, ಚಿಕ್ಕಪ್ಪನ ಒಂದು ಟೆಸ್ಟ್ ಸಾಕು, ಅದು ನೆಗೆಟಿವ್ ಬಂದರೆ ಹೆಂಡತಿಯ ರಕ್ತ ಮುಟ್ಟುವ ಅಗತ್ಯವೇ ಇಲ್ಲ ಎಂದೆ. ಹುಡುಗನ ರಿಪೋರ್ಟಿನ ಜೆರಾಕ್ಸ್ ತೆಗೆಸಿಕೊಳ್ಳಲು ಆ ತಾಯಿ ಕೆಳಗಿನ ಅಂಗಡಿಗೆ ಇಳಿದು ಹೋದರು.